ಕಡೂರಿನ ಬಯಲಿನಲ್ಲಿ ಮತ ಕೇಳಿದ ವೀರೇಂದ್ರ ಪಾಟೀಲ

ಬೆಂಗಳೂರಿನಿಂದ ಅರಸೀಕೆರೆ ದಾಟಿ ಬರುವ ರೈಲುಹಳಿ ಕಡೂರನ್ನು ಹಿಂದಿಕ್ಕಿ ಬೀರೂರಿನಲ್ಲಿ ಕವಲೊಡೆಯುತ್ತದೆ. ಒಂದು ಕವಲು ತರೀಕೆರೆ, ಭದ್ರಾವತಿಗಳನ್ನು ಹಾದು ಶಿವಮೊಗ್ಗದತ್ತ ಹೋದರೆ, ಇನ್ನೊಂದು ಅಜ್ಜಂಪುರ, ಹೊಸದುರ್ಗ ರಸ್ತೆ, ಚಿಕ್ಕಜಾಜೂರುಗಳ ಮೂಲಕ ಹುಬ್ಬಳ್ಳಿಯ ದಿಕ್ಕು ಹಿಡಿಯುತ್ತದೆ. ಚಿಕ್ಕಮಗಳೂರು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಾಫಿ ತೋಟ, ಮಂಜು ಮತ್ತು ಬೆಟ್ಟಸಾಲು. ಆದರೆ ಜಿಲ್ಲೆಯ ಈ ಮೂಡಣ ಭಾಗದ ಬದುಕು ಬೇರೆ. ಬಾಬಾಬುಡನ್‌ಗಿರಿ ಸಾಲು ಮೋಡಗಳನ್ನು ತಡೆದು ನಿಲ್ಲಿಸುವುದರಿಂದ ಮಳೆಯ ಮಟ್ಟಿಗೆ ಇದು ಬೆಟ್ಟದ ಬೆನ್ನಿನ ನಾಡು. ತೆಂಗು, ರಾಗಿ, ಈರುಳ್ಳಿ, ನೀರಿದ್ದ ಕಡೆ ಅಡಿಕೆ. ಅಜ್ಜಂಪುರದಲ್ಲಿ ಅಮೃತಮಹಲ್ ರಾಸುಗಳ ತಳಿ ಕೇಂದ್ರ. ಹತ್ತೊಂಬತ್ತನೆಯ ಶತಮಾನದ ಅರವತ್ತರ ದಶಕದವರೆಗೆ ಜಿಲ್ಲಾ ಕೇಂದ್ರವಾಗಿದ್ದ ಕಡೂರು ಆ ಸ್ಥಾನವನ್ನು ಚಿಕ್ಕಮಗಳೂರಿಗೆ ಬಿಟ್ಟುಕೊಟ್ಟರೂ, ಜಿಲ್ಲೆಯನ್ನು ಅನಂತರ ಬಹುಕಾಲ ಕಡೂರು ಜಿಲ್ಲೆಯೆಂದೇ ಕರೆಯುತ್ತಿದ್ದರು.

1978ರ ಅಕ್ಟೋಬರ್ ತಿಂಗಳಲ್ಲಿ ಈ ಬಯಲಿಗೆ ಮತ ಕೇಳಲು ಬಂದವರಲ್ಲಿ ಇಂದಿರಾ ಗಾಂಧಿಯವರನ್ನು ಎಲ್ಲರೂ ನೆನಪಿಟ್ಟಿದ್ದಾರೆ. ಅವರ ಎದುರು ಜನತಾ ಪಕ್ಷದ ಅಭ್ಯರ್ಥಿಯಾಗಿ ನಿಂತಿದ್ದ ವೀರೇಂದ್ರ ಪಾಟೀಲರನ್ನು ಅಷ್ಟಾಗಿ ನೆನೆಯುವವರಿಲ್ಲ. ನೆನೆದರೂ ಸೋತವರೆಂದು ನೆನೆಯುತ್ತಾರೆ. ಎರಡು ಬಾರಿ ಮುಖ್ಯಮಂತ್ರಿಯಾಗಿದ್ದ, ಮೂವರು ಪ್ರಧಾನಿಗಳ ಕಾಲದ ರಾಜಕಾರಣದಲ್ಲಿ ಎದ್ದು ಬಿದ್ದು ಮತ್ತೆ ಎದ್ದ ಒಬ್ಬ ನಾಯಕರ ಬದುಕನ್ನು ಒಂದು ಉಪಚುನಾವಣೆಯ ಸೋಲಿಗೆ ಇಳಿಸುವುದು ನ್ಯಾಯವಲ್ಲ. ಆದರೂ ಆ ಬದುಕಿನ ತಿರುವುಗಳನ್ನು ಅರಿಯಲು ಕಡೂರು, ತರೀಕೆರೆ, ಅಜ್ಜಂಪುರಗಳ ಬಯಲಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಎಂಬುದು ನನ್ನ ಭಾವನೆ.

ಪಾಟೀಲರು ಈ ಸೀಮೆಯವರಲ್ಲ. ಅವರು ಹುಟ್ಟಿದ್ದು 1924ರ ಫೆಬ್ರುವರಿ 28ರಂದು, ನಾಡಿನ ಇನ್ನೊಂದು ತುದಿಯಾದ ಗುಲ್ಬರ್ಗ ಜಿಲ್ಲೆಯ ಚಿಂಚೋಳಿಯಲ್ಲಿ. ಅಂದು ಅದು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಕನ್ನಡ, ತೆಲುಗು, ಉರ್ದು ಮೂರೂ ಕಿವಿಗೆ ಬೀಳುವ ಗಡಿಯ ಊರು. ಓದಿದ್ದು, ಕಾನೂನು ಪದವಿ ಪಡೆದದ್ದು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. ಮೈಸೂರು ಸಂಸ್ಥಾನದ ರಾಜಕಾರಣಿಗಳಿಗೆ ಪ್ರಜಾಪ್ರತಿನಿಧಿ ಸಭೆಯ ಚರ್ಚೆಗಳ ಹಿನ್ನೆಲೆಯಿತ್ತು. ಮುಂಬಯಿ ಕರ್ನಾಟಕದವರಿಗೆ ಸ್ವಾತಂತ್ರ್ಯ ಚಳವಳಿಯ ಸೆರೆವಾಸದ ಬಳುವಳಿಯಿತ್ತು. ಹೈದರಾಬಾದ್ ಕರ್ನಾಟಕದವರಿಗೆ ಸ್ವಾತಂತ್ರ್ಯ ಬಂದದ್ದೇ ಒಂದು ವರ್ಷ ತಡವಾಗಿ, 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ಮೂಲಕ. 1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯ ರೂಪುಗೊಂಡಾಗ ಆ ಭಾಗದ ನಾಯಕರು ಬೆಂಗಳೂರಿಗೆ ಬಂದದ್ದು ಮನೆಗೆ ತಡವಾಗಿ ತಲುಪಿದ ನೆಂಟರಂತೆ, ಸ್ವಲ್ಪ ಸಂಕೋಚದಿಂದ. ಪಾಟೀಲರು 1957ರಲ್ಲಿ ಚಿಂಚೋಳಿಯಿಂದ ವಿಧಾನಸಭೆಗೆ ಆಯ್ಕೆಯಾದರು.

ಅವರ ಏಳಿಗೆಯ ಹಿಂದೆ ಇದ್ದವರು ಎಸ್. ನಿಜಲಿಂಗಪ್ಪ. ರಾಮಕೃಷ್ಣ ಹೆಗಡೆ ಮತ್ತು ವೀರೇಂದ್ರ ಪಾಟೀಲರನ್ನು ನಿಜಲಿಂಗಪ್ಪನವರ ಲವ ಕುಶರೆಂದು ಅಂದಿನ ರಾಜಕೀಯ ವಲಯ ಕರೆಯುತ್ತಿತ್ತು. ಇಬ್ಬರ ಸ್ವಭಾವಗಳು ಬೇರೆ ಬೇರೆ. ಹೆಗಡೆಯವರು ಮಾತಿನ ಚತುರರು, ನಾಟಕ ಸಾಹಿತ್ಯಗಳ ಗೆಳೆಯರು, ಪತ್ರಕರ್ತರ ಪ್ರೀತಿಪಾತ್ರರು. ಪಾಟೀಲರು ಕಡತಗಳ ಮನುಷ್ಯ. ಆಡಳಿತದ ಮೇಲೆ ಬಿಗಿಹಿಡಿತ, ಅಳತೆಯ ಮಾತು. ಲೋಕೋಪಯೋಗಿ ಖಾತೆಯ ಸಚಿವರಾಗಿ ಅವರು ಗಳಿಸಿದ ಹೆಸರು ಈ ಗುಣದಿಂದಲೇ ಬಂದದ್ದು. 1968ರಲ್ಲಿ ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ದೆಹಲಿಗೆ ಹೋದಾಗ, ಮೇ 29ರಂದು ಪಾಟೀಲರು ಮುಖ್ಯಮಂತ್ರಿಯಾದರು. ಆಗ ಅವರ ವಯಸ್ಸು 44. ಹೈದರಾಬಾದ್ ಕರ್ನಾಟಕದಿಂದ ಆ ಹುದ್ದೆಗೆ ಬಂದವರಲ್ಲಿ ಅವರೇ ಮೊದಲಿಗರು.

ಮುಂದಿನ ವರ್ಷವೇ ಕಾಂಗ್ರೆಸ್ ಒಡೆಯಿತು. ಒಡಕಿನ ಮೊದಲ ಬಿರುಕು ಎಲ್ಲರ ಕಣ್ಣಿಗೆ ಬಿದ್ದದ್ದು ಪಾಟೀಲರ ರಾಜಧಾನಿಯಲ್ಲೇ. 1969ರ ಜುಲೈಯಲ್ಲಿ ಲಾಲ್‌ಬಾಗಿನ ಗಾಜಿನಮನೆಯಲ್ಲಿ ನಡೆದ ಅಧಿವೇಶನದ ಸಂದರ್ಭದಲ್ಲಿ ರಾಷ್ಟ್ರಪತಿ ಸ್ಥಾನಕ್ಕೆ ಸಂಜೀವ ರೆಡ್ಡಿಯವರ ಹೆಸರು ಇಂದಿರಾ ಅವರ ಇಚ್ಛೆಗೆ ವಿರುದ್ಧವಾಗಿ ತೀರ್ಮಾನವಾಯಿತು. ನವೆಂಬರ್‌ನಲ್ಲಿ ನಿಜಲಿಂಗಪ್ಪನವರು ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದರು. ಪಾಟೀಲರು ಗುರುವಿನ ಜೊತೆ ಉಳಿದರು. ಗೆಲ್ಲುವ ಕಡೆಯನ್ನು ಮೊದಲೇ ಮೂಸಿ ನೋಡುವ ಜಾಣ್ಮೆಯನ್ನು ರಾಜಕಾರಣದ ಮೊದಲ ಅರ್ಹತೆ ಎಂದು ಭಾವಿಸುವವರಿಗೆ ಇದು ತಪ್ಪು ಲೆಕ್ಕವಾಗಿ ಕಂಡೀತು. 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳನ್ನೂ ಇಂದಿರಾ ಕಾಂಗ್ರೆಸ್ ಗೆದ್ದುಕೊಂಡಿತು. ಶಾಸಕರು ಗುಂಪುಗುಂಪಾಗಿ ಪಕ್ಷ ಬದಲಿಸಿದರು. ಆ ಮಾರ್ಚ್‌ನಲ್ಲೇ ಪಾಟೀಲರ ಸರ್ಕಾರ ಉರುಳಿತು. ಮುಂದಿನ ವರ್ಷದ ವಿಧಾನಸಭಾ ಚುನಾವಣೆಯಲ್ಲಿ 216 ಸ್ಥಾನಗಳ ಪೈಕಿ 165ನ್ನು ಇಂದಿರಾ ಕಾಂಗ್ರೆಸ್ ಗೆದ್ದು ದೇವರಾಜ ಅರಸರು ಮುಖ್ಯಮಂತ್ರಿಯಾದರು. ಪಾಟೀಲರು ರಾಜ್ಯಸಭೆಯ ಸದಸ್ಯರಾಗಿ ದೆಹಲಿ ಸೇರಿದರು.

ಅರಸರ ಏಳೆಂಟು ವರ್ಷಗಳ ಆಡಳಿತ ಕರ್ನಾಟಕದ ಹಳ್ಳಿಗಳಲ್ಲಿ ಏನು ಮಾಡಿತು ಎಂಬುದನ್ನು ತಿಳಿಯದೆ 1978ರ ಚಿಕ್ಕಮಗಳೂರು ಅರ್ಥವಾಗುವುದಿಲ್ಲ. 1974ರ ತಿದ್ದುಪಡಿಯ ಮೂಲಕ ಭೂಸುಧಾರಣಾ ಕಾಯ್ದೆಗೆ ಹಲ್ಲು ಬಂತು. ತಾಲ್ಲೂಕು ಮಟ್ಟದ ಭೂ ನ್ಯಾಯಮಂಡಳಿಗಳ ಮುಂದೆ ಗೇಣಿದಾರರು ಅರ್ಜಿ ಹಿಡಿದು ನಿಂತರು. ಹಾವನೂರು ಆಯೋಗದ ವರದಿ ಹಿಂದುಳಿದ ವರ್ಗಗಳಿಗೆ ಸರ್ಕಾರಿ ಕಚೇರಿಯ ಬಾಗಿಲು ತೆರೆಯಿತು. ಸಾಲ ಪರಿಹಾರ, ಜೀತ ವಿಮುಕ್ತಿ, ವೃದ್ಧಾಪ್ಯ ವೇತನ, ನಿವೇಶನ ಹಂಚಿಕೆ ಇವೆಲ್ಲ ಬಡವನೊಬ್ಬನಿಗೆ ಸರ್ಕಾರವೆಂಬುದು ಕಣ್ಣಿಗೆ ಕಾಣುವಂತೆ ಮಾಡಿದವು. ಆ ಕಾಲದಲ್ಲಿ ಬಡವರಿಗೆ ಕಟ್ಟಿಕೊಟ್ಟ ಮನೆಗಳನ್ನು ಜನ ಜನತಾ ಮನೆ ಎಂದೇ ಕರೆದರು. ಜನತೆಯ ಹೆಸರಿಟ್ಟುಕೊಂಡ ಪಕ್ಷ ಆಮೇಲೆ ಹುಟ್ಟಿತು. ಜನತಾ ಮನೆಯ ಋಣ ಮಾತ್ರ ಕಾಂಗ್ರೆಸ್ಸಿನ ಖಾತೆಯಲ್ಲೇ ಉಳಿಯಿತು.

ಅದರ ಫಲ 1977ರಲ್ಲಿ ಕಂಡಿತು. ಉತ್ತರ ಭಾರತದಲ್ಲಿ ತುರ್ತು ಪರಿಸ್ಥಿತಿಯ ಕೋಪಕ್ಕೆ ಸಿಕ್ಕಿ ಇಂದಿರಾ ಅವರೇ ರಾಯ್‌ಬರೇಲಿಯಲ್ಲಿ ಸೋತಾಗ, ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ಕಾಂಗ್ರೆಸ್ ಉಳಿಸಿಕೊಂಡಿತು. ಜನತಾ ಪಕ್ಷಕ್ಕೆ ದಕ್ಕಿದ್ದು ಬೆಂಗಳೂರು ದಕ್ಷಿಣ ಮತ್ತು ಹಾಸನ ಮಾತ್ರ. ಅರಸರ ಸರ್ಕಾರವನ್ನು ಕೇಂದ್ರ ವಜಾ ಮಾಡಿ 1978ರ ಫೆಬ್ರುವರಿಯಲ್ಲಿ ವಿಧಾನಸಭಾ ಚುನಾವಣೆ ನಡೆಸಿದರೂ ಫಲ ಬದಲಾಗಲಿಲ್ಲ. ಹುಟ್ಟಿ ಎರಡೇ ತಿಂಗಳಾಗಿದ್ದ ಇಂದಿರಾ ಕಾಂಗ್ರೆಸ್, ಹಸ್ತವೆಂಬ ಹೊಸ ಗುರುತಿನೊಂದಿಗೆ 149 ಸ್ಥಾನ ಪಡೆಯಿತು. ಜನತಾ ಪಕ್ಷ 59ಕ್ಕೆ ನಿಂತಿತು. ಹೀಗೆ ದೆಹಲಿಯಲ್ಲಿ ಆಳುವ ಪಕ್ಷ ಬೆಂಗಳೂರಿನಲ್ಲಿ ವಿರೋಧಪಕ್ಷ. ದೆಹಲಿಯಲ್ಲಿ ಬೀದಿಗೆ ಬಿದ್ದ ನಾಯಕಿಗೆ ಕರ್ನಾಟಕವೇ ಕೋಟೆ. ಜನತಾ ಪಕ್ಷದ ರಾಜ್ಯ ನಾಯಕರಾಗಿದ್ದ ವೀರೇಂದ್ರ ಪಾಟೀಲರ ಪಾಲಿಗೆ ಬಂದದ್ದು ಈ ವಿಚಿತ್ರ ಸ್ಥಿತಿ.

ಇಂದಿರಾ ಅವರಿಗೆ ಲೋಕಸಭೆಗೆ ಮರಳಲು ಒಂದು ಸುರಕ್ಷಿತ ಕ್ಷೇತ್ರ ಬೇಕಿತ್ತು. 1971 ಮತ್ತು 1977ರಲ್ಲಿ ಚಿಕ್ಕಮಗಳೂರಿನಿಂದ ಗೆದ್ದಿದ್ದ ಡಿ.ಬಿ. ಚಂದ್ರೇಗೌಡರು ರಾಜೀನಾಮೆ ನೀಡಿ ಜಾಗ ಬಿಟ್ಟುಕೊಟ್ಟರು. ಅವರ ಎದುರು ಯಾರನ್ನು ನಿಲ್ಲಿಸುವುದು ಎಂಬ ಪ್ರಶ್ನೆ ಜನತಾ ಪಕ್ಷವನ್ನು ಕಾಡಿತು. ಡಾ. ರಾಜಕುಮಾರ್ ಅವರನ್ನು ಕಣಕ್ಕಿಳಿಸಬೇಕೆಂಬ ಪ್ರಯತ್ನ ನಡೆದದ್ದು, ರಾಜಕೀಯದ ಗೊಡವೆ ಬೇಡವೆಂದು ಅವರು ಯಾರ ಕೈಗೂ ಸಿಗದೆ ದೂರ ಉಳಿದದ್ದು ಕನ್ನಡಿಗರು ಬಲ್ಲ ಕಥೆ. ಕೊನೆಗೆ ಭಾರ ಬಿದ್ದದ್ದು ಪಾಟೀಲರ ಹೆಗಲಿಗೆ. ಗೆಲ್ಲುವ ಕ್ಷೇತ್ರಗಳಿಗೆ ಅಭ್ಯರ್ಥಿಗಳ ಸಾಲೇ ಇರುತ್ತದೆ. ಸೋಲುವ ಕ್ಷೇತ್ರಕ್ಕೆ ಹಿರಿಯರೇ ಹೋಗಬೇಕಾಗುತ್ತದೆ.

ಆದರೆ ಈ ಆಯ್ಕೆಯಲ್ಲಿ ಲೆಕ್ಕಾಚಾರವೇ ಇರಲಿಲ್ಲವೆಂದಲ್ಲ. ಕ್ಷೇತ್ರದ ಮಲೆನಾಡು ಭಾಗದಲ್ಲಿ ಒಕ್ಕಲಿಗರು, ತೋಟದ ಕಾರ್ಮಿಕರು, ದಲಿತರು ಹೆಚ್ಚು. ಕಡೂರು, ಬೀರೂರು, ತರೀಕೆರೆ, ಅಜ್ಜಂಪುರಗಳ ಬಯಲಿನಲ್ಲಿ ಲಿಂಗಾಯತರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕುರುಬರೂ ಇತರ ಹಿಂದುಳಿದ ಸಮುದಾಯಗಳೂ ಅವರೊಂದಿಗೆ ಬದುಕುತ್ತ ಬಂದಿವೆ. ಅರಸರ ಆಡಳಿತದಲ್ಲಿ ತಮ್ಮ ಹಿಡಿತ ತಪ್ಪಿತೆಂಬ ಅಸಮಾಧಾನ ಭೂಮಿಯುಳ್ಳ ಲಿಂಗಾಯತರಲ್ಲಿ ಇತ್ತು. ಲಿಂಗಾಯತರೇ ಆದ, ಹಿಂದೆ ಮುಖ್ಯಮಂತ್ರಿಯಾಗಿದ್ದ, ಕೈ ಬಾಯಿ ಶುದ್ಧವೆಂಬ ಹೆಸರಿದ್ದ ಪಾಟೀಲರು ಬಂದು ನಿಂತರೆ ಬಯಲು ಅವರ ಕಡೆ ವಾಲೀತು, ಮಲೆನಾಡಿನ ತೋಟಗಾರರ ಒಂದು ಪಾಲು ಸೇರಿಕೊಂಡರೆ ಹಣಾಹಣಿಯಾದೀತು ಎಂಬುದು ಕಾಗದದ ಮೇಲಿನ ಎಣಿಕೆ.

ಕಾಗದದ ಎಣಿಕೆಗೂ ಕೆರೆ ಏರಿಯ ಮೇಲಿನ ಮಾತಿಗೂ ಅಂತರವಿರುತ್ತದೆ. ಚಿಂಚೋಳಿಯ ಪಾಟೀಲರು ಕಡೂರಿನ ಲಿಂಗಾಯತ ರೈತನಿಗೆ ಹೆಸರಿನಿಂದ ಪರಿಚಿತರೇ ಹೊರತು ನೆಂಟರಲ್ಲ. ಒಳಪಂಗಡ ಬೇರೆ, ಮಠ ಬೇರೆ, ಆಡುವ ಕನ್ನಡವೂ ಬೇರೆ. ದೂರದಿಂದ ಒಂದೇ ಸಮುದಾಯವಾಗಿ ಕಾಣುವುದು ಹತ್ತಿರ ಹೋದಂತೆ ಹತ್ತು ಮನೆತನಗಳಾಗಿ ಬಿಡಿಸಿಕೊಳ್ಳುತ್ತದೆ. ಇನ್ನು ಹಿಂದುಳಿದವರು ಮತ್ತು ದಲಿತರ ಕೇರಿಗಳಲ್ಲಿ ಅಭ್ಯರ್ಥಿಯ ಶುದ್ಧಹಸ್ತಕ್ಕಿಂತ ಜನತಾ ಮನೆಯ ಹಂಚು ಹೆಚ್ಚು ಮಾತಾಡುತ್ತಿತ್ತು. ನಿವೇಶನದ ಹಕ್ಕುಪತ್ರ ಕೈಗೆ ಬಂದು ವರ್ಷ ಕಳೆದಿರದ ಮನೆಗೆ ಹೋಗಿ, ಅದನ್ನು ಕೊಟ್ಟವರನ್ನು ಸೋಲಿಸಿರೆಂದು ಕೇಳುವುದು ಸುಲಭದ ಕೆಲಸವಲ್ಲ.

ನೀರಿನ ವಿಷಯವನ್ನಾದರೂ ಪಾಟೀಲರು ಎತ್ತಬಹುದಿತ್ತೇನೋ. ಭದ್ರಾ ಅಣೆಕಟ್ಟು ಇರುವುದು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ. ಅದರ ಕಾಲುವೆಗಳಿಂದ ಹಸಿರಾದದ್ದು ಮುಖ್ಯವಾಗಿ ಕೆಳಗಿನ ಭದ್ರಾವತಿ, ಚನ್ನಗಿರಿ, ದಾವಣಗೆರೆಯ ಕಡೆಯ ನೆಲ. ಎತ್ತರದಲ್ಲಿರುವ ಕಡೂರು, ಅಜ್ಜಂಪುರಗಳು ಅಯ್ಯನಕೆರೆ, ಮದಗದ ಕೆರೆಗಳಂಥ ಹಳೆಯ ಕೆರೆಗಳನ್ನು, ಅವೂ ಇಲ್ಲದ ಕಡೆ ಆಕಾಶವನ್ನು ನೋಡುತ್ತ ಕುಳಿತವು. ಅಜ್ಜಂಪುರದ ಬಳಿ ಸುರಂಗ ಕೊರೆದು ನೀರು ಒಯ್ಯುವ ಭದ್ರಾ ಮೇಲ್ದಂಡೆ ಯೋಜನೆ ರೂಪುಗೊಂಡದ್ದು ಹಲವು ದಶಕಗಳ ನಂತರ. ಆದರೆ ಭದ್ರಾ ಅಣೆಕಟ್ಟು ಮುಗಿಯುತ್ತಿದ್ದ ವರ್ಷಗಳಲ್ಲಿ ರಾಜ್ಯದ ಲೋಕೋಪಯೋಗಿ ಸಚಿವರಾಗಿದ್ದವರು ಇದೇ ಪಾಟೀಲರು. ನೀರಿನ ಮಾತೆತ್ತಿದರೆ ಅದು ತಮ್ಮ ಕಡೆಗೇ ತಿರುಗುವ ಕತ್ತಿಯಾಗುತ್ತಿತ್ತು.

ಪಕ್ಷದ ಪ್ರಚಾರವೂ ಅವರ ಸ್ವಭಾವಕ್ಕೆ ಒಗ್ಗುವಂಥದ್ದಾಗಿರಲಿಲ್ಲ. ಕೇಂದ್ರದ ಕೈಗಾರಿಕಾ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್ ಪ್ರಚಾರದ ಹೊಣೆ ಹೊತ್ತು ಬಂದು ಇಳಿದರು. ಮಂಗಳೂರಿನಲ್ಲಿ ಹುಟ್ಟಿ ಬೆಳೆದ, ತುರ್ತು ಪರಿಸ್ಥಿತಿಯಲ್ಲಿ ಸಂಕೋಲೆ ತೊಟ್ಟ ಅವರಿಗೆ ಇದು ಒಂದು ಕ್ಷೇತ್ರದ ಚುನಾವಣೆಯಲ್ಲ, ದೇಶದ ಪ್ರಜಾಪ್ರಭುತ್ವದ ಪ್ರಶ್ನೆ. ಅವರ ಕಾಳಜಿ ಪ್ರಾಮಾಣಿಕವೇ ಆಗಿತ್ತು. ಆದರೆ ಷಾ ಆಯೋಗದ ವರದಿ, ಸೆನ್ಸಾರ್, ಬಲವಂತದ ಸಂತಾನಹರಣ ಇವು ದೆಹಲಿ, ಲಕ್ನೋಗಳಲ್ಲಿ ಎಬ್ಬಿಸಿದ ಬಿರುಗಾಳಿಯನ್ನು ತರೀಕೆರೆಯ ಸಂತೆಯಲ್ಲಿ ಎಬ್ಬಿಸಲಿಲ್ಲ. ತುರ್ತು ಪರಿಸ್ಥಿತಿಯ ಕಾಲ ಇಲ್ಲಿಯ ಬಡವನ ನೆನಪಿನಲ್ಲಿ ಸಾಲ ಮನ್ನಾ ಆದ ಕಾಲವಾಗಿತ್ತು. ಇಂದಿರಾ ಅವರನ್ನು ಹೆಡೆಯೆತ್ತಿದ ನಾಗರಹಾವಿಗೆ ಹೋಲಿಸುವ ಭಿತ್ತಿಪತ್ರವೊಂದು ಅಂಟಿಸಲ್ಪಟ್ಟಿತೆಂದು ಆ ಚುನಾವಣೆಯನ್ನು ಕಂಡು ಬರೆದವರು ದಾಖಲಿಸಿದ್ದಾರೆ. ನಾಗಬನಕ್ಕೆ ಹಾಲೆರೆಯುವ, ಹಾವು ಕಂಡರೆ ಕೈಮುಗಿದು ದಾರಿ ಬಿಡುವ ನಾಡಿನಲ್ಲಿ ಆ ಚಿತ್ರ ಬರೆಸಿದವರು ಯಾರೋ, ಅವರಿಗೆ ಈ ಜಿಲ್ಲೆ ಗೊತ್ತಿರಲಿಲ್ಲ ಎಂದಷ್ಟೇ ಹೇಳಬಹುದು. ಚಿಕ್ಕಮಗಳೂರಿನ ಹೆಸರಿಗೆ ಪ್ರಾಸ ಹೊಂದಿಸಿ, ಇಂದಿರಾರನ್ನು ಸಿಂಹಿಣಿಗೂ ಎದುರಾಳಿಗಳನ್ನು ಮುಸುವಗಳ ಹಿಂಡಿಗೂ ಹೋಲಿಸಿ ಕಟ್ಟಿದ ಹಿಂದಿ ಘೋಷಣೆ ಈಗಲೂ ಉತ್ತರ ಭಾರತದವರ ಬಾಯಲ್ಲಿದೆ. ಎರಡೂ ಕಡೆಯವರು ಮತದಾರರನ್ನು ಬಿಟ್ಟು ಪ್ರಾಣಿಗಳ ಬಗ್ಗೆಯೇ ಹೆಚ್ಚು ಮಾತಾಡಿದರೇನೋ ಎಂದು ಈಗ ಅನ್ನಿಸುತ್ತದೆ.

ಈ ಗದ್ದಲದ ನಡುವೆ ಅಭ್ಯರ್ಥಿಯೇ ಕಾಣದಾದರು. ದೇಶ ವಿದೇಶಗಳ ಪತ್ರಕರ್ತರು ಇಂದಿರಾ ಅವರ ಕಾರಿನ ಹಿಂದೆ ಓಡಿದರು. ಅವರ ವಿರೋಧಿಗಳ ಮುಖವಾಗಿ ಜಾರ್ಜ್ ಕಂಡರು. ಪಾಟೀಲರ ಹೆಸರು ಮತಪತ್ರದಲ್ಲಿ ಉಳಿಯಿತು. ಇಂದಿರಾ ಅವರೂ ಹೊರಗಿನವರೇ, ಕನ್ನಡದ ಒಂದು ವಾಕ್ಯವೂ ಬಾರದವರು. ಆದರೆ ಅರಸರೇ ಪ್ರಚಾರದ ನೊಗ ಹೊತ್ತಿದ್ದರಿಂದ ಜನರು ಅವರನ್ನು ಅರಸರ ಸರ್ಕಾರ ಕೊಟ್ಟ ಮನೆ, ಭೂಮಿ, ಸಾಲವಿಮೋಚನೆಗಳ ಒಡತಿಯಾಗಿ ಕಂಡರು. ಪಾಟೀಲರು ಕನ್ನಡ ನಾಡಿನವರಾಗಿದ್ದೂ ದೆಹಲಿಯ ಜಗಳದ ಪ್ರತಿನಿಧಿಯಾಗಿ ಕಂಡರು. ಆ ದೆಹಲಿಯ ಮನೆಯೂ ಆಗ ಒಂದಾಗಿರಲಿಲ್ಲ. ಚರಣ್ ಸಿಂಗ್ ಅವರು ಮೊರಾರ್ಜಿ ಸಂಪುಟದಿಂದ ಆ ಬೇಸಿಗೆಯಲ್ಲಷ್ಟೇ ಹೊರಬಿದ್ದಿದ್ದರು.

ನವೆಂಬರ್ 5ರಂದು ಮತದಾನ ನಡೆಯಿತು. ಇಂದಿರಾ ಅವರು 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಈ ಅಂಕಿಯನ್ನು ಎಲ್ಲರೂ ಬಲ್ಲರು. ಪಾಟೀಲರಿಗೆ 1 ಲಕ್ಷ 70 ಸಾವಿರಕ್ಕೂ ಹೆಚ್ಚು ಮತ ಬಂದಿತ್ತೆಂಬುದನ್ನು ಯಾರೂ ಹೇಳುವುದಿಲ್ಲ. ಮಾಜಿ ಪ್ರಧಾನಿಯೊಬ್ಬರ ಎದುರು, ಅವರದೇ ಪಕ್ಷ ಆಳುತ್ತಿದ್ದ ರಾಜ್ಯದಲ್ಲಿ, ನಂಟಿಲ್ಲದ ಜಿಲ್ಲೆಯಲ್ಲಿ ಬಂದ ಆ ಮತಗಳು ಕಡಿಮೆಯಲ್ಲ. ವಿರೋಧಕ್ಕೆ ಅಲ್ಲಿ ನೆಲೆಯಿತ್ತು, ಗೆಲ್ಲುವಷ್ಟು ಇರಲಿಲ್ಲ. ವಿಪರ್ಯಾಸವೆಂದರೆ ಮತದಾರರ ತೀರ್ಪು ಆರು ವಾರವೂ ಬಾಳಲಿಲ್ಲ. ಹಕ್ಕುಚ್ಯುತಿಯ ಆರೋಪದ ಮೇಲೆ ಡಿಸೆಂಬರ್ 19ರಂದು ಲೋಕಸಭೆ ಇಂದಿರಾ ಅವರನ್ನು ಸದನದಿಂದ ಹೊರಹಾಕಿ ತಿಹಾರ್ ಜೈಲಿಗೆ ಕಳುಹಿಸಿತು. ಕಡೂರು, ತರೀಕೆರೆಗಳ ಜನ ಕೊಟ್ಟದ್ದನ್ನು ದೆಹಲಿಯಲ್ಲಿ ಕೈಯೆತ್ತಿ ಕಿತ್ತುಕೊಂಡಂತಾಯಿತು. ಪಾಟೀಲರ ಪಕ್ಷ ಮತಪೆಟ್ಟಿಗೆಯಲ್ಲಿ ಸೋತದ್ದಕ್ಕಿಂತ ಹೆಚ್ಚಾಗಿ ಈ ಗೆಲುವಿನಲ್ಲಿ ಸೋತಿತು.

ಮುಂದೆ ನಡೆದದ್ದು ಪಾಟೀಲರ ಬದುಕಿನ ಅತಿ ದೊಡ್ಡ ತಿರುವು. ಅವರ ಅಭಿಮಾನಿಗಳಿಗೆ ಇಂದಿಗೂ ಕಸಿವಿಸಿ ತರುವ ಭಾಗ. 1979ರಲ್ಲಿ ಅರಸರು ಇಂದಿರಾ ಅವರೊಂದಿಗೆ ಮುರಿದುಕೊಂಡು ಹೊರಬಂದರು. ಅದೇ ವರ್ಷ ಜನತಾ ಪಕ್ಷ ಒಡೆದು ಮೊರಾರ್ಜಿ ಸರ್ಕಾರ ಬಿತ್ತು. 1980ರ ಜನವರಿಯ ಚುನಾವಣೆಯ ಹೊತ್ತಿಗೆ ಪಾಟೀಲರು ಇಂದಿರಾ ಕಾಂಗ್ರೆಸ್ಸಿನಲ್ಲಿದ್ದರು. ಬಾಗಲಕೋಟೆಯಿಂದ ಲೋಕಸಭೆಗೆ ಗೆದ್ದು, ಚಿಕ್ಕಮಗಳೂರಿನಲ್ಲಿ ಯಾರ ಎದುರು ಸೋತಿದ್ದರೋ ಅವರದೇ ಸಂಪುಟ ಸೇರಿದರು. ಪೆಟ್ರೋಲಿಯಂ, ನೌಕಾಯಾನ ಮತ್ತು ಸಾರಿಗೆ, ಕಾರ್ಮಿಕ ಖಾತೆಗಳನ್ನು ನಿಭಾಯಿಸಿದರು. ಇತ್ತ ಅರಸರ ಪಕ್ಷ ನೆಲಕಚ್ಚಿತು. 28ರಲ್ಲಿ 27 ಸ್ಥಾನ ಇಂದಿರಾ ಕಾಂಗ್ರೆಸ್ಸಿಗೆ ಹೋಯಿತು. ಎರಡು ವರ್ಷಗಳ ಹಿಂದೆ ಇಂದಿರಾ ಅವರಿಗೆ ಕೋಟೆ ಕಟ್ಟಿಕೊಟ್ಟ ಅರಸರು ಹೊರಗೆ, ಆ ಕೋಟೆಯ ಬಾಗಿಲು ಬಡಿದ ಪಾಟೀಲರು ಒಳಗೆ.

ಇದನ್ನು ಅವಕಾಶವಾದ ಎನ್ನಬಹುದೇ? 1969ರಲ್ಲಿ ಸೋಲುವ ಕಡೆ ನಿಂತು, ಹತ್ತು ವರ್ಷ ಅದರ ಬೆಲೆ ತೆತ್ತವರನ್ನು ಸುಲಭವಾಗಿ ಹಾಗೆನ್ನಲು ನನಗೆ ಮನಸ್ಸು ಬಾರದು. ಆದರೆ ಆ 1 ಲಕ್ಷ 70 ಸಾವಿರ ಮತದಾರರಿಗೆ ಅವರು ಯಾವ ಲೆಕ್ಕ ಒಪ್ಪಿಸಿದರು ಎಂಬ ಪ್ರಶ್ನೆ ಉಳಿಯುತ್ತದೆ. ಅವರ ಮಾತು ನಂಬಿ ಸರ್ವಾಧಿಕಾರದ ವಿರುದ್ಧವೆಂದು ಮತ ಹಾಕಿದ ಬೀರೂರಿನ ಶಾಲಾ ಮೇಷ್ಟರೊಬ್ಬರನ್ನು ಕಲ್ಪಿಸಿಕೊಳ್ಳಿ. ಹದಿನೈದು ತಿಂಗಳಲ್ಲಿ ಅವರ ಅಭ್ಯರ್ಥಿ ಎದುರಾಳಿಯ ಮಂತ್ರಿ. ವಿರೋಧಪಕ್ಷವೊಂದು ಪರರ ಕೋಟೆಯಲ್ಲಿ ಬೇರು ಬಿಡದಿರುವುದಕ್ಕೆ ಇಂಥ ನೆನಪುಗಳೂ ಕಾರಣ. ಲವ ಕುಶರಲ್ಲಿ ಇನ್ನೊಬ್ಬರಾದ ಹೆಗಡೆಯವರು ಜನತಾ ಪಕ್ಷದಲ್ಲೇ ಉಳಿದು 1983ರಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ರಚಿಸಿದರು. ಪಾಟೀಲರು ಇನ್ನು ಸ್ವಲ್ಪ ಕಾಯ್ದಿದ್ದರೆ ಆ ಕುರ್ಚಿ ಅವರದಾಗುತ್ತಿತ್ತೇ ಎಂದು ಹಳಬರು ಈಗಲೂ ಕೇಳಿಕೊಳ್ಳುವುದುಂಟು.

1984ರಲ್ಲಿ ಗುಲ್ಬರ್ಗದಿಂದ ಆಯ್ಕೆಯಾದ ಅವರಿಗೆ ರಾಜೀವ್ ಗಾಂಧಿಯವರು ರಾಸಾಯನಿಕ ಮತ್ತು ರಸಗೊಬ್ಬರ ಖಾತೆ ಕೊಟ್ಟರು. ಭೋಪಾಲ್ ಅನಿಲ ದುರಂತ ನಡೆದು ತಿಂಗಳೂ ತುಂಬಿರಲಿಲ್ಲ. ಸಂತ್ರಸ್ತರ ಪರಿಹಾರದ ಹಕ್ಕುಗಳನ್ನು ಕೇಂದ್ರವೇ ಪ್ರತಿನಿಧಿಸುವ ಕಾಯ್ದೆ 1985ರ ಮಾರ್ಚ್‌ನಲ್ಲಿ ಬಂದದ್ದು ಅವರು ಆ ಖಾತೆಯಲ್ಲಿದ್ದಾಗಲೇ. ಆ ವರ್ಷವೇ ಸಂಪುಟದಿಂದ ಹೊರಬಂದು, ಕೆಲಕಾಲದ ನಂತರ ರಾಜ್ಯ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಬೆಂಗಳೂರಿಗೆ ಮರಳಿದರು. ಕಾಂಗ್ರೆಸ್ ಆಗ ವಿರೋಧಪಕ್ಷ. ಹೀಗೆ ಎರಡನೆಯ ಬಾರಿ ಅವರು ಪರರು ಆಳುವ ನಾಡಿನಲ್ಲಿ ಮತ ಕೇಳಲು ಹೊರಟರು; ಈ ಬಾರಿ ಕೈಯಲ್ಲಿದ್ದದ್ದು ಹಸ್ತದ ಗುರುತು.

1978ರಲ್ಲಿ ಕೂಡದ ಲೆಕ್ಕ 1989ರ ನವೆಂಬರ್‌ನಲ್ಲಿ ಕೂಡಿತು. ಲಿಂಗಾಯತರಿಗೆ ತಮ್ಮವರೊಬ್ಬರು ಮುಖ್ಯಮಂತ್ರಿಯಾಗುತ್ತಾರೆಂಬ ಭರವಸೆ. ದಲಿತರು, ಹಿಂದುಳಿದವರು, ಅಲ್ಪಸಂಖ್ಯಾತರಿಗೆ ಅರಸು ಕಾಲದಿಂದ ಬಂದ ಹಸ್ತದ ಋಣ. ಕಡೂರಿನ ಬಯಲಿನಲ್ಲಿ ಹನ್ನೊಂದು ವರ್ಷಗಳ ಹಿಂದೆ ಎದುರುಬದುರಾಗಿ ನಿಂತಿದ್ದ ಎರಡು ಶಕ್ತಿಗಳು ಒಂದೇ ಗುರುತಿನಡಿ ಬಂದವು. ಜನತಾ ಪರಿವಾರ ಒಳಜಗಳದಲ್ಲಿ ಸೋತಿತ್ತು. ಬೊಮ್ಮಾಯಿ ಸರ್ಕಾರ ಆ ಏಪ್ರಿಲ್‌ನಲ್ಲಿ ವಜಾ ಆಗಿತ್ತು. ಇಡೀ ದೇಶದಲ್ಲಿ ಕಾಂಗ್ರೆಸ್ ಸೋತು ರಾಜೀವ್ ಅಧಿಕಾರ ಕಳೆದುಕೊಂಡ ಚುನಾವಣೆಯಲ್ಲೇ ಕರ್ನಾಟಕದಲ್ಲಿ ಪಕ್ಷ 224ರ ಪೈಕಿ 178 ಸ್ಥಾನ ಪಡೆಯಿತು. ಅರಸರಿಗೂ ದಕ್ಕದ ಸಂಖ್ಯೆಯದು. ನವೆಂಬರ್ 30ರಂದು, 65ರ ವಯಸ್ಸಿನಲ್ಲಿ, ಹದಿನೆಂಟು ವರ್ಷಗಳ ಅಂತರದ ನಂತರ ಪಾಟೀಲರು ಮತ್ತೆ ಮುಖ್ಯಮಂತ್ರಿಯಾದರು.

ಅವರ ಎರಡನೆಯ ಆಡಳಿತ ಹನ್ನೊಂದು ತಿಂಗಳೂ ತುಂಬಲಿಲ್ಲ. ಅಧಿಕಾರಿಗಳ ಮೇಲೆ ಅದೇ ಹಳೆಯ ಬಿಗಿ. ಅಬಕಾರಿ ಆದಾಯದ ಸೋರಿಕೆ ತಡೆಯಲು ಹೋಗಿ ಮದ್ಯದ ದೊರೆಗಳನ್ನು ಎದುರುಹಾಕಿಕೊಂಡರೆಂಬ ಮಾತು ಅಂದೇ ಇತ್ತು. ಪಕ್ಷದೊಳಗೆ ಭಿನ್ನಮತ ಹೊಗೆಯಾಡತೊಡಗಿತು. ಆ ನಡುವೆ ಅವರಿಗೆ ಪಾರ್ಶ್ವವಾಯು ಬಡಿಯಿತು. 1990ರ ಅಕ್ಟೋಬರ್ ಆರಂಭದಲ್ಲಿ, ಅಡ್ವಾಣಿಯವರ ರಥಯಾತ್ರೆಯ ದಿನಗಳಲ್ಲಿ, ದಾವಣಗೆರೆ, ಚನ್ನಪಟ್ಟಣ, ರಾಮನಗರಗಳಲ್ಲಿ ಕೋಮುಗಲಭೆಗಳಾಗಿ ಜೀವಗಳು ಹೋದವು. ಹಾಸಿಗೆ ಹಿಡಿದ ಮುಖ್ಯಮಂತ್ರಿ ಆ ಹೊತ್ತಿಗೆ ಬೇಕಾದ ನಾಯಕತ್ವ ಕೊಡಲಾರರೆಂದು ಪಕ್ಷ ಭಾವಿಸಿದ್ದರಲ್ಲಿ ಅರ್ಥವಿಲ್ಲದಿಲ್ಲ. ಆದರೆ ಬದಲಾವಣೆಯ ರೀತಿ ಯಾರಿಗೂ ಶೋಭೆ ತರಲಿಲ್ಲ. ಬೆಂಗಳೂರಿಗೆ ಬಂದ ರಾಜೀವ್ ಗಾಂಧಿಯವರು ಪಾಟೀಲರನ್ನು ಕಂಡು, ಮರಳುವಾಗ ವಿಮಾನ ನಿಲ್ದಾಣದಲ್ಲಿ ನಾಯಕತ್ವ ಬದಲಾಗಲಿದೆಯೆಂದು ಸುದ್ದಿಗಾರರಿಗೆ ತಿಳಿಸಿಬಿಟ್ಟರು. ಶಾಸಕರು ಸಭೆ ಸೇರುವ ಮೊದಲೇ ತೀರ್ಪು ಹೊರಬಿದ್ದಿತ್ತು. ಪಾಟೀಲರು ಕೂಡಲೇ ಒಪ್ಪಲಿಲ್ಲ. ಕೆಲವು ದಿನ ರಾಷ್ಟ್ರಪತಿ ಆಳ್ವಿಕೆ ಬಂತು. ಅಕ್ಟೋಬರ್ 17ರಂದು ಎಸ್. ಬಂಗಾರಪ್ಪ ಮುಖ್ಯಮಂತ್ರಿಯಾದರು.

ಆ ವಿಮಾನ ನಿಲ್ದಾಣದ ಮಾತು ಕಾಂಗ್ರೆಸ್ಸಿನಿಂದ ಲಿಂಗಾಯತರನ್ನು ದೂರ ಮಾಡಿತೆಂದು ನಮ್ಮ ರಾಜಕೀಯ ವಿಶ್ಲೇಷಕರು ಮೂರು ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಅದೊಂದೇ ಕಾರಣವೆಂದರೆ ಸರಳೀಕರಣವಾದೀತು. ಹೆಗಡೆಯವರು ಲಿಂಗಾಯತರಲ್ಲಿ ಗಳಿಸಿದ್ದ ಪ್ರೀತಿ, ಅಯೋಧ್ಯೆಯ ಅಲೆ, ಚಿಕ್ಕಮಗಳೂರಿನ ಮಟ್ಟಿಗೆ ಬಾಬಾಬುಡನ್‌ಗಿರಿಯ ವಿವಾದ, ಪಕ್ಕದ ಶಿಕಾರಿಪುರದಿಂದ ಬೆಳೆದು ಬಂದ ಯಡಿಯೂರಪ್ಪನವರ ಹೋರಾಟ ಎಲ್ಲವೂ ಸೇರಿವೆ. ಆದರೂ ಒಂದು ಅಂಶ ಗಮನಿಸಬೇಕು. 1978ರಲ್ಲಿ ಕೇಂದ್ರ ಸರ್ಕಾರದ ಬಲವೆಲ್ಲ ಸೇರಿ ಅಲುಗಾಡಿಸಲಾಗದ ಕೋಟೆಯ ಗೋಡೆಯಲ್ಲಿ 1990ರಲ್ಲಿ ಬಿರುಕು ಬಿಟ್ಟದ್ದು ಒಳಗಿನಿಂದ. 1994ರ ಚುನಾವಣೆಯಲ್ಲಿ 178 ಇದ್ದ ಕಾಂಗ್ರೆಸ್ 34ಕ್ಕೆ ಕುಸಿಯಿತು. ಜನತಾದಳ ಅಧಿಕಾರಕ್ಕೆ ಬಂತು. ಬಿಜೆಪಿ 40 ಸ್ಥಾನ ಪಡೆದು ಮೊದಲ ಬಾರಿಗೆ ಮುಖ್ಯ ವಿರೋಧಪಕ್ಷವಾಯಿತು.

ಪಾಟೀಲರು ಅನಂತರ ಮತ್ತೊಂದು ಪಕ್ಷ ಕಟ್ಟಲಿಲ್ಲ. ದೇಹ ಸಹಕರಿಸುತ್ತಿರಲಿಲ್ಲ. ಅವಮಾನವನ್ನು ರಾಜಕೀಯ ಬಂಡವಾಳವಾಗಿಸುವ ಕಲೆ ಅವರಿಗೆ ಮೊದಲಿನಿಂದಲೂ ಬಾರದು. ಅವರಿಗಾದ ಅನ್ಯಾಯದ ಮಾತನ್ನು ವೇದಿಕೆಗಳಲ್ಲಿ ಹೆಚ್ಚಾಗಿ ಆಡಿದವರು ಬೇರೆ ಪಕ್ಷಗಳವರು. ಪ್ರತಿ ಚುನಾವಣೆಯಲ್ಲೂ ಆ ವಿಮಾನ ನಿಲ್ದಾಣ ಒಮ್ಮೆಯಾದರೂ ಪ್ರಸ್ತಾಪಕ್ಕೆ ಬರುತ್ತದೆ. ಅವರು 1997ರ ಮಾರ್ಚ್ 14ರಂದು ತೀರಿಕೊಂಡರು.

ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ 1996ರಲ್ಲಿ ಜನತಾದಳಕ್ಕೆ, ಪಾಟೀಲರು ತೀರಿಕೊಂಡ ಮರುವರ್ಷ ಬಿಜೆಪಿಗೆ ಒಲಿಯಿತು. 1999ರಲ್ಲೂ 2004ರಲ್ಲೂ ಬಿಜೆಪಿಯೇ ಗೆದ್ದಿತು. 2008ರ ಮರುವಿಂಗಡಣೆಯಲ್ಲಿ ಬೀರೂರು ವಿಧಾನಸಭಾ ಕ್ಷೇತ್ರವೇ ಇಲ್ಲವಾಯಿತು. ಕಡೂರು ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿತು, ತರೀಕೆರೆ ಉಡುಪಿಯ ಜೊತೆಗೂಡಿತು. ಅಂದು ತರೀಕೆರೆಯ ಹೋಬಳಿಯಾಗಿದ್ದ ಅಜ್ಜಂಪುರ ಈಗ ತಾನೇ ತಾಲ್ಲೂಕು. 2023ರ ವಿಧಾನಸಭಾ ಚುನಾವಣೆಯಲ್ಲಿ ಕಡೂರು, ತರೀಕೆರೆ ಸೇರಿದಂತೆ ಜಿಲ್ಲೆಯ ಐದೂ ಸ್ಥಾನಗಳು ಮತ್ತೆ ಕಾಂಗ್ರೆಸ್ಸಿಗೆ ಬಂದವು. 1978ರ ಅಕ್ಟೋಬರ್‌ನಲ್ಲಿ ಪಾಟೀಲರು ಕೈಮುಗಿದು ನಿಂತ ಬಯಲನ್ನು ಒಂದೇ ಲೋಕಸಭಾ ಕ್ಷೇತ್ರವಾಗಿ ತೋರಿಸುವ ಚುನಾವಣಾ ನಕ್ಷೆ ಈಗ ಇಲ್ಲ.